ಗೋಡೆ ಪೋಕೆಮಾನ್‌ಗೆ ನಿಷೇಧ ಬೇಡ, ಗಡಿಯಾರ ಇಡಿ

ಸಂಪಾದಕರಿಗೆ,

ಮಾನ್ಯರೆ,

ಶಾಲೆಗೆ ರಜೆ ಬಿತ್ತೆಂದರೆ ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಲ್ಲಿ ಕ್ರಿಕೆಟ್, ಕೇರಂ ಜೊತೆಗೆ ಈಗ ಪೋಕೆಮಾನ್ ಪಂದ್ಯಗಳೂ ನಡೆಯುತ್ತವೆ. ಹುಡುಗರು ಮೊಬೈಲಿನ ಬ್ರೌಸರ್‌ನಲ್ಲಿ ಪೋಕೆಮಾನ್ ಶೋಡೌನ್ ತೆರೆದು ಆಡುತ್ತಾರೆ. ಹಣ ಕಟ್ಟುವಂತಿಲ್ಲ, ದುಬಾರಿ ಯಂತ್ರ ಬೇಕಿಲ್ಲ. ಚಿಗರಿ ಬಸ್ಸು ಹುಬ್ಬಳ್ಳಿಯಿಂದ ಧಾರವಾಡ ಮುಟ್ಟುವುದರೊಳಗೆ ಎರಡು ಆಟ ಮುಗಿಯುತ್ತವೆ. ಇಂಥ ಸಣ್ಣ ಪಂದ್ಯಾವಳಿಗಳಲ್ಲಿ ಒಂದು ನಿಯಮ ಹರಡುತ್ತಿದೆ: ಬ್ಲಿಸ್ಸಿ, ಸ್ಕಾರ್ಮರಿ, ಟಾಕ್ಸಾಪೆಕ್ಸ್‌ಗಳಂಥ ‘ಗೋಡೆ’ಗಳನ್ನು, ಅಂದರೆ ಹೊಡೆಯುವುದಕ್ಕಿಂತ ಪೆಟ್ಟು ತಡೆದುಕೊಳ್ಳುವುದಕ್ಕೇ ಇರುವ ಪೋಕೆಮಾನ್‌ಗಳನ್ನು, ತಂಡದಲ್ಲಿ ಇಟ್ಟುಕೊಳ್ಳುವಂತಿಲ್ಲ. ಯಾಕೆಂದು ಕೇಳಿದರೆ, “ಆಟನ ಮುಗಿಯೂದಿಲ್ರೀ, ಬರೇ ಕುಂತು ಎಚ್‌ಪಿ ತುಂಬ್ಕೋತಾವ” ಎಂಬ ಉತ್ತರ ಬರುತ್ತದೆ (ಎಚ್‌ಪಿ ಎಂದರೆ ಪೋಕೆಮಾನ್‌ನ ಜೀವಬಲದ ಅಂಕ; ಅದು ಸೊನ್ನೆಯಾದರೆ ಪೋಕೆಮಾನ್ ಬಿತ್ತು). ಈ ದೂರಿನಲ್ಲಿ ಅರ್ಧ ಸತ್ಯವಿದೆ. ಗೋಡೆಯನ್ನು ತಪ್ಪಾಗಿ ಆಡಿಸಿದರೆ ಆಟ ನಿಜವಾಗಿಯೂ ಎಳೆಯುತ್ತದೆ, ಆಡಿಸಿದವನೇ ಕೊನೆಗೆ ಸೋಲುತ್ತಾನೆ. ಆದರೆ ಅದಕ್ಕೆ ನಿಷೇಧ ಮದ್ದಲ್ಲ. ಗೋಡೆ ಯಾತಕ್ಕೆ ಇದೆ ಎಂಬುದನ್ನು ಹುಡುಗರಿಗೂ ಪಂದ್ಯ ನಡೆಸುವವರಿಗೂ ಲೆಕ್ಕ ಸಮೇತ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇವೆ.

ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಒಬ್ಬೊಬ್ಬರ ಬಳಿ ಆರು ಪೋಕೆಮಾನ್, ಒಂದೊಂದಕ್ಕೆ ನಾಲ್ಕು ಮೂವ್ (ಪೆಟ್ಟು ಅಥವಾ ತಂತ್ರ). ಪ್ರತಿ ಟರ್ನ್‌ನಲ್ಲಿ ಇಬ್ಬರೂ ಒಟ್ಟಿಗೆ, ಒಬ್ಬರಿಗೊಬ್ಬರು ಕಾಣದಂತೆ ಆರಿಸುತ್ತಾರೆ: ಮೂವ್ ಹೊಡೆಯುವುದೋ, ಹಿಂದೆ ಕಾದಿರುವ ಇನ್ನೊಂದನ್ನು ಕರೆಯುವುದೋ. ಪೆಟ್ಟುಗಳು ಎರಡು ಜಾತಿ, ಫಿಸಿಕಲ್ ಮತ್ತು ಸ್ಪೆಷಲ್. ಮೊದಲನೆಯದನ್ನು ಡಿಫೆನ್ಸ್ ತಡೆಯುತ್ತದೆ, ಎರಡನೆಯದನ್ನು ಸ್ಪೆಷಲ್ ಡಿಫೆನ್ಸ್.

ಬ್ಲಿಸ್ಸಿಯನ್ನೇ ತೆಗೆದುಕೊಳ್ಳೋಣ. ಅದರ ಮೂಲ ಎಚ್‌ಪಿ 255, ಸ್ಪೆಷಲ್ ಡಿಫೆನ್ಸ್ 135, ಡಿಫೆನ್ಸ್ ಬರೀ 10. ಹೊಸದಾಗಿ ಆಡುವವರು ಇದನ್ನು ನೋಡಿ “ಸ್ಪೆಷಲ್ ಗೋಡೆ ಅಲ್ಲವೇ, ಇವಿಗಳನ್ನೆಲ್ಲ ಸ್ಪೆಷಲ್ ಡಿಫೆನ್ಸ್‌ಗೇ ಸುರಿಯೋಣ” ಎನ್ನುತ್ತಾರೆ. ಎಡವುವುದು ಇಲ್ಲೇ. ಇವಿ ಎಂದರೆ ನಾವು ಹಂಚಬಹುದಾದ ಅಂಕಗಳು: ಒಟ್ಟು 510, ಒಂದು ಗುಣಕ್ಕೆ ಹೆಚ್ಚೆಂದರೆ 252, 100ನೇ ಲೆವೆಲ್‌ನಲ್ಲಿ ನಾಲ್ಕು ಇವಿಗೆ ಒಂದು ಅಂಕ. ಅಂದರೆ 252 ಹಾಕಿದರೆ ಸಿಗುವುದು 63 ಅಂಕ. ಬ್ಲಿಸ್ಸಿಯ ಸ್ಪೆಷಲ್ ಡಿಫೆನ್ಸ್ ಏನೂ ಹಾಕದೆಯೇ 306 ಇದೆ. ಅದಕ್ಕೆ 63 ಸೇರಿದರೆ ಐದನೇ ಒಂದು ಪಾಲು ಹೆಚ್ಚಳ. ಡಿಫೆನ್ಸ್ ಏನೂ ಹಾಕದಿದ್ದರೆ 56; ಅದೇ 63 ಸೇರಿದರೆ 119, ಬೋಲ್ಡ್ ನೇಚರ್ (ಡಿಫೆನ್ಸನ್ನು ಹತ್ತನೇ ಒಂದು ಪಾಲು ಏರಿಸುವ ಸ್ವಭಾವ) ಕೊಟ್ಟರೆ 130. ಒಂದೇ ಖರ್ಚಿನಲ್ಲಿ ಎರಡು ಪಟ್ಟಿಗೂ ಮೀರಿದ ಲಾಭ.

ಇದು ಆಟದಲ್ಲಿ ಹೇಗೆ ಕಾಣುತ್ತದೆ ನೋಡಿ. ಎದುರಿಗೆ ಗಾರ್ಚಾಂಪ್, ಜಾಲಿ ನೇಚರ್, ಅಟ್ಯಾಕ್‌ನಲ್ಲಿ 252 ಇವಿ. ಅದರ ಅಟ್ಯಾಕ್ 359. ಅರ್ತ್‌ಕ್ವೇಕ್ ಎಂಬ ಫಿಸಿಕಲ್ ಪೆಟ್ಟು ಹೊಡೆಯುತ್ತದೆ. ಡಿಫೆನ್ಸ್ 56 ಇರುವ ಬ್ಲಿಸ್ಸಿಗೆ ಬೀಳುವ ಪೆಟ್ಟು 688ರಿಂದ 810. ಎಚ್‌ಪಿಗೆ 252 ಹಾಕಿದ್ದರೆ ಬ್ಲಿಸ್ಸಿಯ ಎಚ್‌ಪಿ 714. ಒಂದೇ ಪೆಟ್ಟು ಸಲಕ್ಕೊಂದು ಅಳತೆಯಲ್ಲಿ ಬೀಳುತ್ತದೆ; ಆ ಏರಿಳಿತದ 16 ಮೆಟ್ಟಿಲುಗಳಲ್ಲಿ 12ರಲ್ಲಿ ಒಂದೇ ಏಟಿಗೆ ಬ್ಲಿಸ್ಸಿ ಮಲಗುತ್ತದೆ. ಡಿಫೆನ್ಸ್ 130 ಇದ್ದರೆ ಅದೇ ಪೆಟ್ಟು 297ರಿಂದ 349. ಎರಡು ಅತಿ ಜೋರಿನ ಏಟು ಸೇರಿದರೂ 698, ಇನ್ನೂ 16 ಉಳಿಯುತ್ತದೆ! ಆದರೆ ಎಚ್‌ಪಿಗೆ ಇವಿ ಹಾಕದೆ 651ರಲ್ಲೇ ಬಿಟ್ಟಿದ್ದರೆ ಆ ಎರಡನೇ ಏಟು ಕೊಲ್ಲಬಹುದಿತ್ತು. ಹಾಗಾಗಿ ಎಚ್‌ಪಿ 252, ಡಿಫೆನ್ಸ್ 252, ಉಳಿದ 4 ಸ್ಪೆಷಲ್ ಡಿಫೆನ್ಸ್‌ಗೆ, ಬೋಲ್ಡ್ ನೇಚರ್. ಕೆಲವರು ಎಲ್ಲ ಆರು ಗುಣಗಳಿಗೂ 84ರಂತೆ ಸಮನಾಗಿ ಹಂಚುತ್ತಾರೆ. ಆಗ ಎಚ್‌ಪಿ 672, ಡಿಫೆನ್ಸ್ 77. ಅರ್ತ್‌ಕ್ವೇಕ್ 501ರಿಂದ 589 ತಿನ್ನುತ್ತದೆ. ಪಂಕ್ತಿ ಊಟದಲ್ಲಿ ಸಮಪಾಲು ಸರಿ, ಇಲ್ಲಿ ಅಲ್ಲ. ಸ್ಕಾರ್ಲೆಟ್, ವಯೊಲೆಟ್ ಎಂಬ ಮೂಲ ಪೋಕೆಮಾನ್ ಆಟಗಳ ಒಳಗೇ ಸಾಕುವವರು 26 ಎಚ್‌ಪಿ ಅಪ್, 26 ಐರನ್ (ಇವಿ ಏರಿಸುವ ಔಷಧಿಗಳು) ತಿನ್ನಿಸಿದರೆ ಎರಡೂ 252ಕ್ಕೆ ಮುಟ್ಟುತ್ತವೆ. ನೇಚರ್ ಬೇರೆಯಿದ್ದರೆ ಬೋಲ್ಡ್ ಮಿಂಟ್ ಸಾಕು.

ಸ್ಪೆಷಲ್ ಕಡೆ ಏನೂ ಹಾಕದಿದ್ದರೆ ಕಷ್ಟವಾಗದೇ ಎಂಬ ಪ್ರಶ್ನೆ ಸಹಜ. ಆಗುವುದಿಲ್ಲ. ಮಾಡೆಸ್ಟ್ ನೇಚರ್‌ನ ಹೈಡ್ರೈಗನ್ ತನ್ನ ಪೂರ್ತಿ ಬಲದಿಂದ ಡ್ರೇಕೋ ಮೀಟಿಯರ್ ಎಂಬ ಸ್ಪೆಷಲ್ ಪೆಟ್ಟನ್ನು ಎಸೆದರೂ ಬ್ಲಿಸ್ಸಿಗೆ ತಾಗುವುದು 175ರಿಂದ 207, ಹೆಚ್ಚು ಕಡಿಮೆ ಕಾಲು ಭಾಗ. ಎಸೆದ ಮೇಲೆ ಹೈಡ್ರೈಗನ್‌ನ ಸ್ಪೆಷಲ್ ಅಟ್ಯಾಕ್ ಎರಡು ಹಂತ ಇಳಿದು ಅರ್ಧವಾಗುತ್ತದೆ.

ಇಲ್ಲಿಯವರೆಗಿನ ಲೆಕ್ಕ ಬಹಳ ಹುಡುಗರಿಗೆ ಬಾಯಿಪಾಠ ಇದೆ. ಆಟ ಕೆಡುವುದು ಇದರ ಮುಂದಿನ ಟರ್ನ್‌ನಲ್ಲಿ.

ನೆಲದ ಮೇಲೆ ಎದುರಾಳಿ ಹರಡಿದ ಸ್ಟೆಲ್ತ್ ರಾಕ್ (ಒಳಬರುವವರಿಗೆ ಚುಚ್ಚುವ ಕಲ್ಲು) ಇದೆ ಎಂದುಕೊಳ್ಳಿ. ಬ್ಲಿಸ್ಸಿ ಒಳಗೆ ಬರುವಾಗ ಎಂಟನೇ ಒಂದು ಪಾಲು, 89 ಕಳೆದುಕೊಂಡಿತು. ಡ್ರೇಕೋ ಬಿತ್ತು. ಟರ್ನ್ ಕೊನೆಗೆ, ಬ್ಲಿಸ್ಸಿಯ ಕೈಯಲ್ಲಿರುವ ವಸ್ತು ಲೆಫ್ಟೋವರ್ಸ್‌ನಿಂದ 44 ವಾಪಸ್ ಬಂತು. ಈಗ ಎಚ್‌ಪಿ 462ರಿಂದ 494ರ ನಡುವೆ, ಪಟ್ಟಿ ಇನ್ನೂ ಹಸಿರು. ಹುಡುಗನ ಹೆಬ್ಬೆರಳು ತಾನಾಗಿ ಸಾಫ್ಟ್-ಬಾಯಿಲ್ಡ್ ಗುಂಡಿಯ ಮೇಲೆ ಹೋಗುತ್ತದೆ. ಒತ್ತಿದರೆ 357 ತುಂಬಿ ಮತ್ತೆ 714 ಆಗುತ್ತದೆ. ಎದುರಿನವನಿಗೂ ಅದು ಗೊತ್ತು. ಬಲ ಕಳೆದುಕೊಂಡ ಹೈಡ್ರೈಗನ್ ಅಲ್ಲಿ ನಿಲ್ಲುವುದಿಲ್ಲ. ಹುಡುಗ ಎಚ್‌ಪಿ ತುಂಬುವ ಹೊತ್ತಿಗೆ ಅವನು ಗ್ರೇಟ್ ಟಸ್ಕ್‌ನ್ನು ಕರೆತಂದಿರುತ್ತಾನೆ. ಜಾಲಿ ಗ್ರೇಟ್ ಟಸ್ಕ್‌ನ ಕ್ಲೋಸ್ ಕಾಂಬ್ಯಾಟ್ ನಮ್ಮ 130 ಡಿಫೆನ್ಸಿನ ಬ್ಲಿಸ್ಸಿಗೆ ಎಷ್ಟು ತಾಗುತ್ತದೆ? ಅತಿ ಕಡಿಮೆ ಎಂದರೆ 714. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ಹೆಚ್ಚೆಂದರೆ 842. ಇವಿಯ ಒಂದೊಂದು ಅಂಕವನ್ನೂ ಸರಿಯಾಗಿ ಹಾಕಿ, ಎಚ್‌ಪಿ ಪೂರ್ತಿ ತುಂಬಿ ಕೂತರೂ ಬ್ಲಿಸ್ಸಿ ಬೀಳುತ್ತದೆ. ಆ ಸಾಫ್ಟ್-ಬಾಯಿಲ್ಡ್ ಒತ್ತಿದ್ದು ಸಂಪೂರ್ಣ ವ್ಯರ್ಥ.

ಅದೇ ಟರ್ನ್‌ನಲ್ಲಿ ಬ್ಲಿಸ್ಸಿಯನ್ನು ಹಿಂದಕ್ಕೆ ಕರೆದು ಸ್ಕಾರ್ಮರಿಯನ್ನು ಬಿಟ್ಟಿದ್ದರೆ? ಸ್ಕಾರ್ಮರಿಯ ಡಿಫೆನ್ಸ್ ಇಂಪಿಶ್ ನೇಚರ್, 252 ಇವಿಗೆ 416, ಎಚ್‌ಪಿ 334. ಅದೇ ಕ್ಲೋಸ್ ಕಾಂಬ್ಯಾಟ್ ಅದಕ್ಕೆ 112ರಿಂದ 133 ಮಾತ್ರ. ರೂಸ್ಟ್ ಮಾಡಿದರೆ 167 ವಾಪಸ್. ಗ್ರೇಟ್ ಟಸ್ಕ್‌ನ ನೆಲದ ಪೆಟ್ಟುಗಳು ಹಾರುವ ಸ್ಕಾರ್ಮರಿಗೆ ತಾಗುವುದೇ ಇಲ್ಲ. ಹೊಡೆಯುವ ಬದಲು ಗ್ರೇಟ್ ಟಸ್ಕ್ ಹಿಂದೆ ಸರಿದರೆ ಆ ಬಿಡುವಿನ ಟರ್ನ್‌ನಲ್ಲಿ ಒಂದು ಪದರ ಸ್ಪೈಕ್ಸ್ (ಒಳಬರುವವರಿಗೆ ಚುಚ್ಚುವ ಮುಳ್ಳು) ಹಾಕಬಹುದು.

ಗದಗ, ನವಲಗುಂದ ಕಡೆ ಎರೆಹೊಲದಲ್ಲಿ ಒಡ್ಡು ಹಾಕುವವರನ್ನು ಕೇಳಿ. ಒಡ್ಡು ನೀರಿನ ಓಟ ತಗ್ಗಿಸಿ ಹೊಲಕ್ಕೆ ಹಸಿ ಕೊಡಬೇಕು, ಮಿಕ್ಕ ನೀರಿಗೆ ಕೋಡಿ ಇರಬೇಕು. ಕೋಡಿ ಬಿಡದೆ ಒಡ್ಡನ್ನಷ್ಟೇ ಎತ್ತರಿಸುತ್ತ ಹೋದರೆ ಒಂದು ದೊಡ್ಡ ಮಳೆಗೆ ಅದು ಕಿತ್ತು, ಮಣ್ಣನ್ನೂ ಹೊತ್ತೊಯ್ಯುತ್ತದೆ. ಗೋಡೆ ಪೋಕೆಮಾನ್‌ಗೆ ಸ್ವಿಚ್, ಅಂದರೆ ಹಿಂದೆ ಸರಿದು ಇನ್ನೊಂದಕ್ಕೆ ಜಾಗ ಬಿಡುವುದು, ಆ ಕೋಡಿ. ಬ್ಲಿಸ್ಸಿ ಎಷ್ಟು ಪೆಟ್ಟು ತಿಂದಿತು ಎಂಬುದಕ್ಕಿಂತ, ಅದು ಪೆಟ್ಟು ತಿಂದ ಮೇಲೆ ನಿಮ್ಮ ಯಾವ ಪೋಕೆಮಾನ್ ಸುರಕ್ಷಿತವಾಗಿ ಒಳಗೆ ಬಂತು ಎಂಬುದನ್ನು ಎಣಿಸಿ. ಕಲಿಯುವವರು ಒಂದು ನೋಟ್‌ಬುಕ್ ಇಟ್ಟುಕೊಳ್ಳಲಿ. ಆಟ ಮುಗಿದ ಮೇಲೆ ರೀಪ್ಲೇ ಹಾಕಿ, ಗೋಡೆ ಒಳಬಂದ ಪ್ರತಿ ಸಲವೂ ಮುಂದಿನ ಟರ್ನ್‌ನಲ್ಲಿ ಲಾಭ ಯಾರಿಗಾಯಿತು ಎಂದು ಬರೆಯಲಿ. ಹತ್ತು ಆಟ ಬರೆದರೆ ತಪ್ಪು ಎಲ್ಲಿದೆ ಎಂದು ಬೇರೆ ಯಾರೂ ಹೇಳಬೇಕಾಗುವುದಿಲ್ಲ.

ಆಟ ಶುರುವಾಗುವ ಮೊದಲು ಎರಡೂ ತಂಡಗಳು ಪರದೆಯ ಮೇಲೆ ಕಾಣುತ್ತವಲ್ಲ, ಗೋಡೆಯ ಕೆಲಸ ನಿಜವಾಗಿ ಶುರುವಾಗುವುದು ಆಗಲೇ. ಎದುರಿನ ಆರರಲ್ಲಿ ನನ್ನ ಬ್ಲಿಸ್ಸಿ ಯಾವ ಎರಡನ್ನು ತಡೆಯಬೇಕು? ಆ ಎರಡು ಬದುಕಿರುವವರೆಗೆ ಬ್ಲಿಸ್ಸಿಯನ್ನು ಬೇರೆ ಕೆಲಸಕ್ಕೆ ಸವೆಸಬಾರದು. ಆ ಎರಡೂ ಬಿದ್ದ ಮೇಲೆ ಬ್ಲಿಸ್ಸಿಯ ಜೀವಕ್ಕೆ ಅಷ್ಟು ಬೆಲೆಯಿಲ್ಲ. ಬೇಕಾದರೆ ಬಲಿಕೊಟ್ಟು ಹೊಡೆಯುವವನನ್ನು ಪೆಟ್ಟು ತಿನ್ನಿಸದೆ ಒಳಗೆ ತರಬಹುದು. ಗೋಡೆಯನ್ನು ಕೊನೆಯವರೆಗೆ ಜೋಪಾನ ಮಾಡಿ, ಅತ್ತ ಒಬ್ಬೊಬ್ಬರೇ ಹೊಡೆಯುವವರನ್ನು ಕಳೆದುಕೊಂಡು ಸೋತ ಆಟಗಳು ಲೆಕ್ಕವಿಲ್ಲದಷ್ಟು.

ನಾಲ್ಕು ಮೂವ್‌ಗಳ ಮಾತಿಗೆ ಬರೋಣ. ಸಾಫ್ಟ್-ಬಾಯಿಲ್ಡ್, ಸೈಸ್ಮಿಕ್ ಟಾಸ್, ಥಂಡರ್ ವೇವ್ (ಪಾರ್ಶ್ವವಾಯು ತರುವ ಮೂವ್), ಸ್ಟೆಲ್ತ್ ರಾಕ್ ಎಂಬುದು ಹಳೆಯ ಹದ, ಈಗಲೂ ನಡೆಯುತ್ತದೆ. ಸೈಸ್ಮಿಕ್ ಟಾಸ್ ಲೆವೆಲ್‌ನಷ್ಟೇ ಪೆಟ್ಟು ಕೊಡುತ್ತದೆ: 100ನೇ ಲೆವೆಲ್‌ಗೆ ಸರಿಯಾಗಿ 100. ಅಟ್ಯಾಕ್ ಬರೀ 10 ಇರುವ ಬ್ಲಿಸ್ಸಿಗೆ ಇದಕ್ಕಿಂತ ನಂಬಿಕಸ್ತ ಏಟು ಇಲ್ಲ. ಆದರೆ ದೆವ್ವದ ಜಾತಿಗೆ ಅದು ತಾಗುವುದಿಲ್ಲ. ಇಲ್ಲಿ ಗೋಲ್ಡೆಂಗೊ ಒಂದು ದೊಡ್ಡ ತಲೆನೋವು. ಸ್ಟೀಲ್ ಮತ್ತು ಗೋಸ್ಟ್ ಜಾತಿ, ಮೇಲಾಗಿ ಗುಡ್ ಆ್ಯಸ್ ಗೋಲ್ಡ್ ಎಂಬ ಗುಣದಿಂದ ಥಂಡರ್ ವೇವ್ ಕೂಡ ಹತ್ತುವುದಿಲ್ಲ. ಅದು ಬ್ಲಿಸ್ಸಿ ಎದುರು ಆರಾಮಾಗಿ ಬಂದು ನ್ಯಾಸ್ಟಿ ಪ್ಲಾಟ್ ಮಾಡಿ ಸ್ಪೆಷಲ್ ಅಟ್ಯಾಕ್ ಏರಿಸಿಕೊಂಡು ಕೂರುತ್ತದೆ. ಎದುರು ತಂಡದಲ್ಲಿ ಅದು ಕಂಡರೆ ಬ್ಲಿಸ್ಸಿಯ ಒಂದು ಮೂವ್ ಫ್ಲೇಮ್‌ಥ್ರೋವರ್ ಆಗಿದ್ದರೆ ಒಳ್ಳೆಯದು, ಇಲ್ಲವಾದರೆ ಅದನ್ನು ಓಡಿಸುವ ಇನ್ನೊಬ್ಬ ತಂಡದಲ್ಲಿ ಇರಲೇಬೇಕು.

ಕೂತು ಎಚ್‌ಪಿ ತುಂಬಿಕೊಳ್ಳುವುದರ ಅಪಾಯ ಗಾರ್ಚಾಂಪ್‌ನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಬ್ಲಿಸ್ಸಿ ಪೂರ್ತಿ 714ರಲ್ಲಿದೆ. ಗಾರ್ಚಾಂಪ್ ಬಂದು ಹೊಡೆಯದೆ ಸೋರ್ಡ್ಸ್ ಡ್ಯಾನ್ಸ್ ಮಾಡಿತು, ಅಟ್ಯಾಕ್ ಎರಡು ಪಟ್ಟು. ನೀವು ಟಾಸ್ ಮಾಡಿದಿರಿ, ಅದಕ್ಕೆ 100 ಹೋಯಿತು. ಅದರ ಎಚ್‌ಪಿ 357, ಅಂದರೆ ನಾಲ್ಕು ಟಾಸ್ ಬೇಕು. ನಿಮಗೆ ನಾಲ್ಕು ಟರ್ನ್ ಇಲ್ಲ: ಈಗ ಅರ್ತ್‌ಕ್ವೇಕ್ 592ರಿಂದ 697, ಒಂದನ್ನು ತಡೆದುಕೊಂಡರೂ ಎರಡನೆಯದಕ್ಕೆ ಮುಗಿಯಿತು. ಸ್ಟೆಲ್ತ್ ರಾಕ್‌ನಿಂದ ಮೊದಲೇ 89 ಹೋಗಿದ್ದರೆ ಮೊದಲನೆಯದೇ ಸಾಕಾಗಬಹುದು. ಆದ್ದರಿಂದ ಹೀಗೆ ಬಲ ಏರಿಸಿಕೊಳ್ಳುವವರು ಕಂಡ ಕೂಡಲೇ ಬ್ಲಿಸ್ಸಿ ಎದ್ದು ಹೋಗಬೇಕು. ಸ್ಕಾರ್ಮರಿ ಬಂದು ವರ್ಲ್‌ವಿಂಡ್ ಬೀಸಿ ಗಾರ್ಚಾಂಪ್‌ನ್ನು ಹೊರಗೆ ತಳ್ಳಿದರೆ ಏರಿದ ಬಲವೆಲ್ಲ ಇಳಿಯುತ್ತದೆ, ಬಂದ ಹೊಸಬನು ಸ್ಪೈಕ್ಸ್ ತುಳಿಯುತ್ತಾನೆ. ವರ್ಲ್‌ವಿಂಡ್ ಯಾವಾಗಲೂ ಟರ್ನ್‌ನ ಕೊನೆಗೆ ನಡೆಯುತ್ತದೆ; ಅದಕ್ಕೆ ಮೊದಲು ಒಂದು ಪೆಟ್ಟು ತಿನ್ನುವ ಶಕ್ತಿ ಇರಬೇಕು ಎಂಬುದನ್ನು ಮರೆಯಬಾರದು.

ಸಾಫ್ಟ್-ಬಾಯಿಲ್ಡ್ ಈಗಿನ ಪೀಳಿಗೆಯ ಆಟದಲ್ಲಿ ಹೆಚ್ಚೆಂದರೆ 8 ಸಲ. ಹಿಂದೆ 16 ಇತ್ತು. ‘ಆಟ ಮುಗಿಯುವುದಿಲ್ಲ’ ಎನ್ನುವವರು ಈ ಬದಲಾವಣೆಯನ್ನು ಗಮನಿಸಿದಂತಿಲ್ಲ. ಜೊತೆಗೆ ಕ್ರಿಟ್, ಅಂದರೆ ಆಕಸ್ಮಿಕವಾಗಿ ಬೀಳುವ ಜೋರಿನ ಪೆಟ್ಟು, ಇದೆ. 24ರಲ್ಲಿ ಒಂದು ಸಾಧ್ಯತೆ, ಪೆಟ್ಟು ಒಂದೂವರೆ ಪಟ್ಟು. ಸಣ್ಣದು ಎನಿಸುತ್ತದೆ, ಆದರೆ ಹತ್ತು ಪೆಟ್ಟು ತಿಂದರೆ ಅದರಲ್ಲಿ ಒಂದಾದರೂ ಕ್ರಿಟ್ ಆಗುವ ಸಾಧ್ಯತೆ ಶೇ 35ರ ಹತ್ತಿರ. ಸಾದಾ ಗಾರ್ಚಾಂಪ್‌ನ ಕ್ರಿಟ್ ಅರ್ತ್‌ಕ್ವೇಕ್ 523ರವರೆಗೆ ಹೋಗುತ್ತದೆ. ಎಚ್‌ಪಿ ಅದಕ್ಕಿಂತ ಕೆಳಗಿದ್ದು ಎದುರು ಗಾರ್ಚಾಂಪ್ ಇದ್ದರೆ ಇನ್ನೊಂದು ಟಾಸ್ ಹೊಡೆಯುವ ಆಸೆ ಬಿಡಿ. ‘ಲಕ್ ಕೈಕೊಡ್ತು’ ಎಂದು ಅಳುವ ಬಹುತೇಕ ಸೋಲುಗಳು, ಬೇಡದಿದ್ದ ಪೆಟ್ಟುಗಳನ್ನು ತಿನ್ನುತ್ತ ಕೂತದ್ದರಿಂದ ಬಂದವು.

ಗೋಡೆ ಒಡೆಯುವುದು ಹೇಗೆ ಎಂದು ಎದುರಾಳಿಗಳಿಗೂ ಕಲಿಸಿ. ಆಗ ನಿಷೇಧದ ಮಾತೇ ಬರುವುದಿಲ್ಲ. ಟಾಂಟ್ ಹಾಕಿದರೆ ಮೂರು ಟರ್ನ್ ಬ್ಲಿಸ್ಸಿ ಎಚ್‌ಪಿ ತುಂಬಲಾರದು, ಟಾಸ್ ಒಂದೇ ಗತಿ. ವಸ್ತು ಅದಲುಬದಲು ಮಾಡುವ ಟ್ರಿಕ್ ಮೂಲಕ ಚಾಯ್ಸ್ ಸ್ಕಾರ್ಫ್ ಕೊಟ್ಟರೆ ಒಂದೇ ಮೂವ್‌ಗೆ ಸಿಕ್ಕಿಬಿದ್ದು, ಹೊರಗೆ ಹೋಗಿ ಬರುವವರೆಗೆ ಬಿಡುಗಡೆಯಿಲ್ಲ. ನಾಕ್ ಆಫ್ ಲೆಫ್ಟೋವರ್ಸ್‌ನ್ನು ಕಿತ್ತು ಎಸೆಯುತ್ತದೆ. ಪ್ರತಿ ಟರ್ನ್‌ನ ಆ 44 ಹೋಯಿತೆಂದರೆ ಮೇಲೆ ಹೇಳಿದ ಲೆಕ್ಕಗಳೆಲ್ಲ ಬಿಗಿಯಾಗುತ್ತವೆ. ಸೈಶಾಕ್ ಸ್ಪೆಷಲ್ ಮೂವ್ ಆದರೂ ಡಿಫೆನ್ಸ್ ಮೇಲೆ ಬೀಳುತ್ತದೆ, 306 ಬಿಟ್ಟು 130ನ್ನು ಹುಡುಕಿಕೊಂಡು ಬರುತ್ತದೆ. ಸ್ಕಾರ್ಮರಿಗೆ ಮ್ಯಾಗ್ನೆಝೋನ್ ಯಮ: ಮ್ಯಾಗ್ನೆಟ್ ಪುಲ್‌ನಿಂದ ಓಡದಂತೆ ಹಿಡಿದು ಥಂಡರ್‌ಬೋಲ್ಟ್ ಹೊಡೆಯುತ್ತದೆ. ತಂಡ ಪೂರ್ತಿ ಸ್ಕಾರ್ಮರಿಯನ್ನು ನಂಬಿದ್ದರೆ ಅದಕ್ಕೆ ಶೆಡ್ ಶೆಲ್ ಕೊಟ್ಟರೆ ತಪ್ಪಿಸಿಕೊಳ್ಳುತ್ತದೆ. ಲೆಫ್ಟೋವರ್ಸ್ ಬಿಡಬೇಕಾಗುತ್ತದೆ ಎಂಬುದು ಅದರ ಬೆಲೆ.

ವಿಷ, ಪಾರ್ಶ್ವವಾಯುವಿನಂಥ ರೋಗಗಳ ಬಗ್ಗೆ ಬ್ಲಿಸ್ಸಿಗೆ ಹೆದರಿಕೆಯಿಲ್ಲ. ನ್ಯಾಚುರಲ್ ಕ್ಯೂರ್ ಇರುವುದರಿಂದ ಹೊರಗೆ ಹೋದ ಕೂಡಲೇ ವಾಸಿ. ಹಾಗಾಗಿ ಎದುರಾಳಿ ಥಂಡರ್ ವೇವ್ ಹಾಕುತ್ತಾನೆ ಎಂದು ಗೊತ್ತಾದರೆ ನಿಮ್ಮ ವೇಗದ ಪೋಕೆಮಾನ್ ಬದಲು ಬ್ಲಿಸ್ಸಿಯನ್ನು ಮುಂದೆ ಬಿಡಿ. ಟಾಕ್ಸಾಪೆಕ್ಸ್‌ನ ರೀಜನರೇಟರ್ ಇದರ ಅಣ್ಣನಂತಿದೆ, ಹೊರಗೆ ಹೋದಾಗಲೆಲ್ಲ ಮೂರನೇ ಒಂದು ಪಾಲು ಎಚ್‌ಪಿ ಪುಕ್ಕಟೆ. ಆಟ ತಯಾರಿಸಿದವರೇ ಗೋಡೆಗಳಿಗೆ ‘ಎದ್ದು ಹೋಗು’ ಎಂದು ಹೇಳುವ ಗುಣಗಳನ್ನು ಕೊಟ್ಟಿದ್ದಾರೆ ನೋಡಿ.

ಲೆಫ್ಟೋವರ್ಸ್ ಇಡಬೇಕೋ ನೆಲದ ಕಲ್ಲು-ಮುಳ್ಳು ತಾಗದಂತೆ ಕಾಯುವ ಹೆವಿ ಡ್ಯೂಟಿ ಬೂಟ್ಸ್ ಇಡಬೇಕೋ ಎಂಬ ಜಗಳ ದಿನಾ ಕೇಳುತ್ತೇವೆ. ಸ್ಟೆಲ್ತ್ ರಾಕ್ ಜೊತೆ ಮೂರು ಪದರ ಸ್ಪೈಕ್ಸ್ ಬಿದ್ದಿದ್ದರೆ ಬ್ಲಿಸ್ಸಿ ಒಂದು ಸಲ ಒಳಬರಲು 267 ತೆರಬೇಕು. ಲೆಫ್ಟೋವರ್ಸ್ ಆರು ಟರ್ನ್ ಕೊಟ್ಟರೂ ಅದು ತುಂಬುವುದಿಲ್ಲ. ತಂಡದಲ್ಲಿ ಇವನ್ನು ಗುಡಿಸಿ ಹಾಕುವವರು ಇಲ್ಲದಿದ್ದರೆ ಬೂಟ್ಸ್ ಹಾಕಿ, ಇದ್ದರೆ ಲೆಫ್ಟೋವರ್ಸ್.

ಗೋಡೆ ಎಂದರೆ ಹೇಡಿಯ ಆಟ ಎನ್ನುವವರಿಗೆ 2014ರ ವಿಶ್ವ ಚಾಂಪಿಯನ್‌ಷಿಪ್ ನೆನಪಿಸಬೇಕು. ವಾಷಿಂಗ್ಟನ್‌ನಲ್ಲಿ ನಡೆದ ಆ ಪಂದ್ಯಾವಳಿಯ ಮಾಸ್ಟರ್ಸ್ ವಿಭಾಗವನ್ನು ದಕ್ಷಿಣ ಕೊರಿಯಾದ ಸೆ ಜುನ್ ಪಾರ್ಕ್ ಗೆದ್ದದ್ದು ಪಚಿರಿಸು ಎಂಬ ಪುಟ್ಟ ಅಳಿಲಿನಂಥ ಪೋಕೆಮಾನ್ ಇಟ್ಟುಕೊಂಡು. ಆರೂ ಗುಣಗಳ ಮೂಲ ಅಂಕ ಕೂಡಿದರೂ ಅದಕ್ಕೆ 405 ಮಾತ್ರ. ಅಲ್ಲಿನ ಆಟ ಡಬಲ್ಸ್, ಒಟ್ಟಿಗೆ ಎರಡೆರಡು ನಿಲ್ಲುತ್ತವೆ. ಪಚಿರಿಸು ಫಾಲೋ ಮಿ ಹೇಳಿ ಪಕ್ಕದವನ ಪೆಟ್ಟನ್ನು ತನ್ನ ಕಡೆ ಎಳೆದುಕೊಳ್ಳುತ್ತಿತ್ತು. ಪಕ್ಕದ ಗ್ಯಾರಡೋಸ್‌ಗೆ ವಿದ್ಯುತ್ ಪೆಟ್ಟು ನಾಲ್ಕು ಪಟ್ಟು ನೋವು. ಪಚಿರಿಸುವಿಗೆ ವೋಲ್ಟ್ ಅಬ್ಸಾರ್ಬ್ ಇದ್ದುದರಿಂದ ಅದೇ ವಿದ್ಯುತ್ ಎಚ್‌ಪಿಯಾಗಿ ಸೇರುತ್ತಿತ್ತು. ತಾನು ನಿಂತು ಪಕ್ಕದವನಿಗೆ ಟರ್ನ್ ಗಳಿಸಿಕೊಡುವುದು, ಅಷ್ಟೇ ಅದರ ಕೆಲಸ. ಆ ಕೆಲಸ ಅದು ಪೂರ್ತಿ ಮಾಡಿತು.

ಇನ್ನು ಪಂದ್ಯ ನಡೆಸುವವರಲ್ಲಿ ನಮ್ಮ ವಿನಂತಿ. ಪೋಕೆಮಾನ್‌ಗಳನ್ನು ನಿಷೇಧಿಸಬೇಡಿ. ಅಧಿಕೃತ ಡಬಲ್ಸ್ ಪಂದ್ಯಗಳಲ್ಲಿ ಒಂದು ಟರ್ನ್‌ಗೆ 45 ಸೆಕೆಂಡು, ಒಬ್ಬ ಆಟಗಾರನಿಗೆ ಒಟ್ಟು 7 ನಿಮಿಷ ಯೋಚನೆಯ ಸಮಯ, ಇಡೀ ಆಟಕ್ಕೆ 20 ನಿಮಿಷ. ನಮ್ಮ ಬಡಾವಣೆಗಳ ಆಟ ಸಿಂಗಲ್ಸ್ ಆದ್ದರಿಂದ ಇಡೀ ಆಟಕ್ಕೆ 30 ನಿಮಿಷ ಇಟ್ಟರೆ ಸಾಕು. ಶೋಡೌನ್‌ನಲ್ಲಿ ಟೈಮರ್ ಗುಂಡಿ ಇದೆ, ಆಟ ಶುರುವಾದ ಕೂಡಲೇ ಒತ್ತಿಸಿ. ಆಟ ಎಳೆಯುವುದು ಬಹಳ ಸಲ ಗೋಡೆಯಿಂದಲ್ಲ, ಮೊಬೈಲ್ ಬದಿಗಿಟ್ಟು ಮಾತಾಡುತ್ತ ಕೂರುವವರಿಂದ. ಡಬಲ್ ಟೀಮ್‌ನಂಥ ಪೆಟ್ಟು ತಪ್ಪಿಸುವ ಮೂವ್‌ಗಳನ್ನು ಮಾತ್ರ ನಿಲ್ಲಿಸಿ. ಗೋಡೆ ಅದನ್ನು ಮಾಡತೊಡಗಿದರೆ ಆಟ ಪೂರ್ತಿ ಅದೃಷ್ಟದ ಕೈಗೆ ಹೋಗುತ್ತದೆ, ಅಲ್ಲಿ ದೂರು ನ್ಯಾಯವಾದದ್ದೇ.

ಸಮಯ ಮುಗಿದಾಗ ಗೆಲುವು ನಿರ್ಧರಿಸುವ ಬಗೆಯನ್ನು ಮೊದಲೇ ಬರೆದು ಎಲ್ಲರಿಗೂ ಕಾಣುವಂತೆ ಅಂಟಿಸಿ. ಮೊದಲು ಯಾರ ಬಳಿ ಹೆಚ್ಚು ಪೋಕೆಮಾನ್ ಉಳಿದಿವೆ ಎಂದು ಎಣಿಸಬೇಕು. ಸಮವಾದರೆ ಉಳಿದ ಎಚ್‌ಪಿಯನ್ನು ಶೇಕಡಾವಾರು ಲೆಕ್ಕದಲ್ಲಿ ನೋಡಬೇಕು. ಕೆಲವು ಕಡೆ ಎಚ್‌ಪಿ ಅಂಕಗಳನ್ನೇ ಕೂಡಿಸುತ್ತಾರೆ, ಅದು ತಪ್ಪು: ಅರ್ಧ ಸತ್ತ ಬ್ಲಿಸ್ಸಿಗೂ 357 ಇರುತ್ತದೆ, ಒಂದೂ ಪೆಟ್ಟು ತಿನ್ನದ ಗಾರ್ಚಾಂಪ್‌ಗೂ 357 ಇರುತ್ತದೆ.

ಇಂತಿ,
ಹುಬ್ಬಳ್ಳಿ-ಧಾರವಾಡದ ಕೆಲವು ಪೋಕೆಮಾನ್ ಆಟಗಾರರು